ಬಲಸೆರಗು ಮತ್ತು ಬಾಲಚುಕ್ಕಿ

ಬಸುರಿಯರ ಬಯಕೆಗೆ ಹೊತ್ತಿಲ್ಲ ಗೊತ್ತಿಲ್ಲ. ಒಬ್ಬಳಿಗೆ ಹುಣಸೆಕಾಯಿ ಬೇಕು, ಒಬ್ಬಳಿಗೆ ಮಿರ್ಚಿ ಮಂಡಕ್ಕಿ ಬೇಕು, ಇನ್ನೊಬ್ಬಳು ಯಾರಿಗೂ ಕಾಣದಂತೆ ಗೋಡೆಯ ಮಣ್ಣು ಕೆರೆದು ತಿನ್ನುತ್ತಾಳೆ. ಹಾವೇರಿಯ ಶೈಲಾಳಿಗೆ ಇದ್ಯಾವುದೂ ಬೇಡವಾಗಿತ್ತು. ಅವಳಿಗೆ ಬೇಕಾದದ್ದು ಒಂದು ತಾರೀಖು. ತನ್ನ ಅವ್ವನ ಒಂದೇ ಒಂದು ಫೋಟೋ ಯಾವ ದಿನ ತೆಗೆದದ್ದು ಎಂದು ಅವಳಿಗೆ ತಿಳಿಯಬೇಕಾಗಿತ್ತು. ಗಂಡ ಕೊಟ್ರೇಶ ರಾಣೆಬೆನ್ನೂರಿನ ಬೀಜದ ಕಂಪನಿಯಲ್ಲಿ ಕೆಲಸ ಮಾಡುವವನು. ಹೆಂಡತಿ ಮಾವಿನಕಾಯಿ ಕೇಳಿದ್ದರೆ ಚೀಲ ತುಂಬಿಸಿ ತಂದು ಸುರಿಯುತ್ತಿದ್ದ. ತಾರೀಖನ್ನು ಯಾವ ಸಂತೆಯಿಂದ ತರುವುದೆಂದು ಅವನು ತಲೆ ಕೆರೆದುಕೊಂಡ.

ಫೋಟೋ ಅಂಗೈ ಅಗಲದ್ದು. ಅದರಲ್ಲಿ ಮುಕ್ಕಾಲು ಪಾಲು ಬರೀ ಆಕಾಶ. ಬಲಗಡೆ ಎಳೆಯ ಚಂದ್ರ, ಬೆಳಗಿದ ಮಗ್ಗುಲು ಕೆಳಕ್ಕೂ ತುಸು ಎಡಕ್ಕೂ ವಾಲಿತ್ತು. ಎಡಗಡೆ ಬಾಲಚುಕ್ಕಿ, ಬಿಳಿಯ ಬಾಲ ಮೇಲಕ್ಕೆ ಹರಡಿಕೊಂಡು ನಿಂತಿತ್ತು. ಕೆಳಗೆ ಒಂದು ಮಾಳಿಗೆ, ಮಾಳಿಗೆಯ ಮೇಲೆ ಒಬ್ಬ ಹೆಂಗಸು. ಎಲ್ಲೋ ಪಕ್ಕದಲ್ಲಿದ್ದ ಕಂದೀಲಿನ ಬೆಳಕು ಅವಳ ಅರ್ಧ ಮುಖಕ್ಕೆ ಮಾತ್ರ ಬಿದ್ದಿತ್ತು, ಆ ಅರ್ಧ ಮುಖದಲ್ಲಿ ನಗು ಇತ್ತು. ಉಳಿದ ಮೈಯೆಲ್ಲ ಕತ್ತಲೆ. ಎದೆಯ ಹತ್ತಿರ ಒಂದು ಮಸಕು ಕಲೆ. ಪ್ರಿಂಟು ಹಾಕುವಾಗ ಯಾರದೋ ಹೆಬ್ಬೆಟ್ಟು ತಗುಲಿರಬೇಕು ಎಂದು ಎಲ್ಲರೂ ಅಂದುಕೊಂಡಿದ್ದರು. ಹಿಂದೆ ಸ್ಟುಡಿಯೋದ ಸೀಲು ಅಳಿಸಿಹೋಗಿ ‘ರಾಣೆಬೆನ್ನೂರ’ ಎಂಬುದೊಂದು ಮಾತ್ರ ಉಳಿದಿತ್ತು. ಬ್ಯಾಡಗಿಯ ಅಜ್ಜಿ ತೀರಿಕೊಂಡ ಮೇಲೆ ಅವಳ ಟ್ರಂಕಿನ ತಳದಲ್ಲಿ, ಹಳೆಯ ಇಳಕಲ್ಲ ಸೀರೆಯ ಮಡಿಕೆಯೊಳಗೆ ಇದು ಸಿಕ್ಕಿತ್ತು.

ಶೈಲಾ ಹುಟ್ಟಿದ್ದು ೧೯೯೭ರ ಹೋಳಿ ಹುಣ್ಣಿಮೆಯ ದಿನ, ಆ ಅಜ್ಜಿಯ ಮನೆಯಲ್ಲೇ. ಶಾಲೆಯ ದಾಖಲೆಯಲ್ಲಿ ಮಾತ್ರ ಜೂನ್ ಒಂದು. ಅದಕ್ಕೆ ಯಾರೂ ತಲೆಕೆಡಿಸಿಕೊಳ್ಳುವುದಿಲ್ಲ. ಹೆಡ್‌ಮಾಸ್ತರರ ಕೃಪೆಯಿಂದ ನಮ್ಮ ಕಡೆ ಅರ್ಧ ಊರು ಜೂನ್ ಒಂದಕ್ಕೇ ಹುಟ್ಟಿದೆ. ಅವ್ವ ಉಚ್ಚಂಗೆವ್ವ ಚೊಚ್ಚಲ ಬಾಣಂತನಕ್ಕೆಂದು ತವರಿಗೆ ಬಂದವಳು ಅದೇ ಬೇಸಿಗೆಯಲ್ಲಿ, ಬಸವ ಜಯಂತಿಗೆ ಮೊದಲೇ ತೀರಿಕೊಂಡಳು. ಅವಳ ತಂಗಿ ಮುತ್ತವ್ವ ಹಾವೇರಿಗೆ ಮದುವೆಯಾಗಿ ಹೋಗಿದ್ದಳು. ಆಗ ಅತ್ತೆ ಸೊಂಟ ಮುರಿದುಕೊಂಡು ಮಲಗಿದ್ದರಿಂದ ಅಕ್ಕ ಹಡೆದ ಸುದ್ದಿ ಬಂದರೂ ಮುತ್ತವ್ವನಿಗೆ ಬರಲಾಗಲಿಲ್ಲ. ಬಂದದ್ದು ಅಕ್ಕನ ಮಣ್ಣಿಗೆ. ಹೋಗುವಾಗ ಕೂಸನ್ನು ಉಡಿಯಲ್ಲಿ ಹಾಕಿಕೊಂಡು ಹೋದಳು. ಕದರಮಂಡಲಗಿಯ ಅಪ್ಪ ಮುಂದೆ ಬೇರೆ ಮದುವೆ ಮಾಡಿಕೊಂಡ. ಕೆಟ್ಟವನೇನಲ್ಲ, ಈಗಲೂ ಹಬ್ಬಕ್ಕೆ ಸೀರೆ ಕಳಿಸುತ್ತಾನೆ. ಆದರೆ ಶೈಲಾಳಿಗೆ ತಾಯಿಯೆಂದರೂ ತಂದೆಯೆಂದರೂ ಚಿಗವ್ವ ಮುತ್ತವ್ವನೇ.

ಅಜ್ಜಿ ಬದುಕಿರುವವರೆಗೆ ಶೈಲಾ ಬ್ಯಾಡಗಿಗೆ ಹೋದಾಗಲೆಲ್ಲ ಒಂದು ಮಾತು ಕೇಳುತ್ತಿದ್ದಳು. ಯಾರಾದರೂ ಮನೆಗೆ ಬಂದು ಉಚ್ಚಂಗೆವ್ವನ ವಿಷಯ ತೆಗೆದರೆ ಅಜ್ಜಿ ಮೆಣಸಿನಕಾಯಿ ತೊಟ್ಟು ಬಿಡಿಸುತ್ತಲೇ, “ನನ್ನ ಮಗಳು ಹಡದಾಕಿ ಮತ್ತ ಮ್ಯಾಕ ಏಳಲಿಲ್ರಿ,” ಅನ್ನುತ್ತಿದ್ದಳು. ಅಷ್ಟೇ. ಅದರಲ್ಲಿ ಯಾರ ಮೇಲೂ ದೂರು ಇರಲಿಲ್ಲ. ಆದರೆ ಮಕ್ಕಳು ಕಿವಿಗೆ ಬಿದ್ದದ್ದನ್ನು ತಮ್ಮ ಲೆಕ್ಕದಲ್ಲಿ ಕೂಡಿಸಿಕೊಳ್ಳುತ್ತಾರೆ. ಹಡೆದದ್ದು ನನ್ನನ್ನು, ಏಳದಿದ್ದದ್ದು ಅವ್ವ. ಅಂದಮೇಲೆ ಅವಳನ್ನು ಮಲಗಿಸಿದವಳು ನಾನೇ. ಈ ಲೆಕ್ಕವನ್ನು ಶೈಲಾ ಯಾರ ಮುಂದೆಯೂ ಹೇಳಲಿಲ್ಲ, ಮರೆಯಲೂ ಇಲ್ಲ.

ಈಗ ಅವಳೇ ಬಸುರಿ. ಏಳನೇ ತಿಂಗಳ ಕುಬಸಕ್ಕೆ, ಅಂದರೆ ಸೀಮಂತಕ್ಕೆ, ದಿನ ಗೊತ್ತುಮಾಡುವಾಗ ಓಣಿಯ ಹಿರಿಯಳೊಬ್ಬಳು ಶೈಲಾಳ ಗಲ್ಲ ಹಿಡಿದು, ಥೇಟ್ ಉಚ್ಚಂಗೆವ್ವನೇ ನೋಡು, ತಾಯಿಯಂತೆ ಮಗಳು ನೂಲಿನಂತೆ ಸೀರೆ ಅಂದಳು. ಹೊಗಳಿಕೆಯ ಮಾತೇ. ಶೈಲಾ ಮಾತ್ರ ಗಲ್ಲ ಬಿಡಿಸಿಕೊಂಡು ಒಳಗೆ ಹೋದಳು. ಅಂದು ಸಂಜೆ ಅವಳು ಕಪಾಟಿನಿಂದ ಫೋಟೋ ತೆಗೆದು ನೋಡುತ್ತ ಕುಳಿತಳು. ಅವ್ವ ನೆಟ್ಟಗೆ ನಿಂತಿದ್ದಳು, ನಗುತ್ತಿದ್ದಳು. ಇದು ತಾನು ಹುಟ್ಟುವ ಮೊದಲಿನದೋ, ಹುಟ್ಟಿದ ಮೇಲಿನದೋ? ಮೊದಲಿನದಾದರೆ ಅದು ತಾನಿನ್ನೂ ಬಂದಿರದ ಕಾಲದ ನಗು, ತನಗೆ ಸಂಬಂಧವಿಲ್ಲ. ಹುಟ್ಟಿದ ಮೇಲಿನದಾದರೆ, ಹಡೆದವಳು ಎದ್ದಿದ್ದಳು. ಎದ್ದು ಮಾಳಿಗೆ ಹತ್ತಿ ನಕ್ಕಿದ್ದಳು. ಶೈಲಾಳಿಗೆ ಬೇಕಾಗಿದ್ದದ್ದು ಇಷ್ಟೇ.

ಕೊಟ್ರೇಶ ಮೊದಲು ರಾಣೆಬೆನ್ನೂರಿನ ಫೋಟೋ ಸ್ಟುಡಿಯೋಗಳನ್ನು ವಿಚಾರಿಸಿದ. ಹಳೆಯ ಸ್ಟುಡಿಯೋಗಳಲ್ಲಿ ಒಂದು ಬೇಕರಿಯಾಗಿತ್ತು, ಒಂದು ಮೊಬೈಲ್ ಅಂಗಡಿಯಾಗಿತ್ತು. ಸೀಲಿನಲ್ಲಿ ಹೆಸರೇ ಇಲ್ಲದ ಮೇಲೆ ಯಾರನ್ನು ಏನೆಂದು ಕೇಳುವುದು? ಅವನು ಕೈಚೆಲ್ಲಿ ಬಂದು, ನೆಲದ ಮೇಲೆ ಸಾಕ್ಷಿ ಸಿಗದಿದ್ದರೆ ಆಕಾಶದಲ್ಲಿ ಹುಡುಕೋಣ ಎಂದ. ತಮಾಷೆಗೆ ಅಂದದ್ದು ಅವನ ತಲೆಯಲ್ಲೇ ಕೂತಿತು. ಅವನ ಗೆಳೆಯ ಶಶಿಕಾಂತ ಹಾವೇರಿಯ ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರ. ಗ್ರಹಣ ಬಂದರೆ ಊರೆಲ್ಲ ಬಾಗಿಲು ಹಾಕಿಕೊಂಡು ಒಳಗಿರುವಾಗ ಹುಡುಗರನ್ನು ಮೈದಾನಕ್ಕೆ ಕರೆದೊಯ್ದು ತೋರಿಸುವ ಆಸಾಮಿ. ಅಂಥವನ ಕೈಗೆ ಫೋಟೋ ಕೊಟ್ಟರೆ ಬಿಡುತ್ತಾನೆಯೇ?

ಶಶಿಕಾಂತ ಭಾನುವಾರ ಬೆಳಿಗ್ಗೆ ಬಂದು ಫೋಟೋ ನೋಡಿದವನೇ ಕಣ್ಣರಳಿಸಿದ. ಈ ಬಾಲಚುಕ್ಕಿ ೧೯೯೭ರದೇ, ಅನುಮಾನವೇ ಬೇಡ ಎಂದ. ತಾನಾಗ ಕನ್ನಡ ಶಾಲೆಯಲ್ಲಿದ್ದೆ, ಅಪ್ಪನ ಹೆಗಲ ಮೇಲೆ ಕೂತು ನೋಡಿದ್ದೆ, ಇನ್ನದು ಮರಳುವುದು ಎರಡು ಸಾವಿರ ವರ್ಷದ ಆಚೆಗೆ ಎಂದೆಲ್ಲ ಹೇಳಿದ. ಚಹಾ ಆರುತ್ತಿತ್ತು. ಶೈಲಾ ಬಾಗಿಲ ಬಳಿ ನಿಂತು ಅವನು ಮುಖ್ಯ ಮಾತಿಗೆ ಬರುವುದನ್ನು ಕಾಯುತ್ತಿದ್ದಳು.

“ನಮ್ಮ ಕಡೆ ಈ ಚುಕ್ಕಿ ಮೊದಲ ನಸಿಕಿನ್ಯಾಗ ಕಾಣ್ತಿತ್ತು ವೈನಿ. ಹೋಳಿ ಹುಣ್ಣಿವಿ ಹತ್ರ ಬಂದಂಗ ಅದು ಸಂಜಿಗೆ ಬಂತು,” ಎಂದ ಶಶಿಕಾಂತ. “ಈಗ ಚಂದ್ರನ ನೋಡ್ರಿ. ಬೆಳಕು ಎಡಕ್ಕ ಐತಿ. ಅಂದ್ರ ಕರಗೋ ಚಂದ್ರ. ಕರಗೋ ಎಳೆ ಚಂದ್ರ ಕಾಣೂದು ನಸಿಕಿನ್ಯಾಗ. ಹಂಗಾರ ಈ ಫೋಟೋ ನೀವು ಹುಟ್ಟೂಕ್ಕಿಂತ ಮೊದಲಿಂದು.”

ಲೆಕ್ಕ ಬಿಡಿಸಿದ ಖುಷಿಯಲ್ಲಿ ಅವನು ಹೇಳಿದ. ಅದು ಶೈಲಾಳ ಎದೆಗೆ ಹೇಗೆ ತಗುಲುತ್ತದೆಂದು ಪಾಪ ಅವನಿಗೇನು ಗೊತ್ತು? ಶೈಲಾ ನಕ್ಕು, ಬಹಳ ಉಪಕಾರ ಆಯಿತು ಎಂದು ಹೇಳಿ ಒಳಗೆ ಹೋದಳು. ಒಲೆಯ ಮೇಲೆ ಏನೂ ಇಲ್ಲದಿದ್ದರೂ ಬಹಳ ಹೊತ್ತು ಅಡುಗೆಮನೆಯಲ್ಲೇ ನಿಂತಳು. ಅಜ್ಜಿ ಸುಳ್ಳು ಹೇಳುವವಳಲ್ಲ. ಆಕಾಶ ಅಂತೂ ಹೇಳುವುದೇ ಇಲ್ಲ. ಎರಡೂ ಒಂದೇ ಮಾತು ಹೇಳುತ್ತಿದ್ದವು. ಅಂದಿನಿಂದ ಅವಳು ಕುಬಸದ ಸೀರೆ ತರಲು ಹೋಗೋಣವೆಂದರೆ ನಾಳೆ ಎನ್ನುತ್ತಿದ್ದಳು, ತೊಟ್ಟಿಲ ಮಾತು ಬಂದರೆ ಎದ್ದು ಹೋಗುತ್ತಿದ್ದಳು.

ಮುತ್ತವ್ವ ನಾಲ್ಕು ದಿನ ನೋಡಿದಳು. ಐದನೆಯ ದಿನ ಮಗಳನ್ನು ಹಿಡಿದು ಕೂಡಿಸಿ, ಬಾಯಿ ಬಿಡು ಎಂದಳು. ಶೈಲಾ ಇಪ್ಪತ್ತೊಂಬತ್ತು ವರ್ಷ ಹೊಟ್ಟೆಯಲ್ಲಿಟ್ಟುಕೊಂಡದ್ದನ್ನು ಒಂದೇ ಉಸಿರಿನಲ್ಲಿ ಹೇಳಿದಳು. ಅಜ್ಜಿಯ ಮಾತು, ತನ್ನ ಲೆಕ್ಕ, ತಾನೂ ಹಾಗೇ ಮಲಗಿಬಿಟ್ಟರೆ ಎಂಬ ಹೆದರಿಕೆ, ಎಲ್ಲ. ಮುತ್ತವ್ವನಿಗೆ ಸಿಟ್ಟೂ ಬಂತು, ಅಳುವೂ ಬಂತು. ಸಿಟ್ಟು ಬಂದದ್ದು ಸತ್ತ ತಾಯಿಯ ಮೇಲೆ, ಇಷ್ಟು ವರ್ಷ ತಾನೂ ಕೇಳದೆ ಇದ್ದದ್ದರ ಮೇಲೆ. ಅತ್ತು ಮುಗಿಸಿ ಮೂಗು ಒರೆಸಿಕೊಂಡ ಮೇಲೆ ಅವಳಿಗೊಂದು ಅನುಮಾನ ಹುಟ್ಟಿತು. ಹೋಳಿಗೆ ಮೊದಲೆಂದರೆ ಅಕ್ಕನಿಗೆ ಒಂಬತ್ತು ತುಂಬಿದ ತಿಂಗಳು. ತುಂಬಿದ ಬಸುರಿಯನ್ನು ತನ್ನವ್ವ ನಸುಕಿನಲ್ಲಿ ನಿಚ್ಚಣಿಕೆ ಹತ್ತಿಸಿ, ಅದೂ ಬಾಲಚುಕ್ಕಿಯ ಕೆಳಗೆ ನಿಲ್ಲಲು ಬಿಡುತ್ತಿದ್ದಳೇ? ಬಸುರಿಗೆ ಬೆಕ್ಕು ಅಡ್ಡ ಬಂದರೂ ದೇವರಿಗೆ ಕಾಯಿ ಕಟ್ಟುವವಳು ಆಕೆ. ಮುತ್ತವ್ವ ಮಾಸ್ತರನಿಗೆ ಇನ್ನೊಮ್ಮೆ ನೋಡಲು ಹೇಳು ಎಂದಳು.

ಅತ್ತ ಶಶಿಕಾಂತನಿಗೂ ನಿದ್ದೆ ಇರಲಿಲ್ಲ. ಅವನು ಆ ಫೋಟೋವನ್ನು ದೊಡ್ಡದಾಗಿ ಸ್ಕ್ಯಾನ್ ಮಾಡಿಸಿ, ಕಂಪ್ಯೂಟರಿನಲ್ಲಿ ಬೆಳಕು ಹೆಚ್ಚಿಸಿ ನೋಡಿದ್ದ. ಕತ್ತಲೆಯೊಳಗಿಂದ ಚುಕ್ಕಿಗಳು ಒಂದೊಂದೇ ಎದ್ದವು. ಚಂದ್ರನ ಮೇಲೆ ಕೃತ್ತಿಕೆಯ ಗೊಂಚಲು ಕಂಡಿತು. ಅದೇ ಅವನ ನಿದ್ದೆ ಕೆಡಿಸಿದ್ದು. ಆ ತಿಂಗಳು ಕೃತ್ತಿಕೆ ಸಂಜೆ ಪಡುವಣದಲ್ಲಿರಬೇಕು. ನಸುಕಿನಲ್ಲಿ ಮೂಡಣದಲ್ಲಿ ಇರಲು ಸಾಧ್ಯವೇ ಇಲ್ಲ. ಆ ಗೊಂಚಲಿನ ಆಕಾರವೂ ಯಾವ ನಕ್ಷೆಗೂ ಕೂಡಲಿಲ್ಲ. ಚಂದ್ರ ನಸುಕು ಅನ್ನುತ್ತಾನೆ, ಕೃತ್ತಿಕೆ ಸಂಜೆ ಅನ್ನುತ್ತದೆ. ಅವನು ಬಂದು ಪೆಚ್ಚುಮೋರೆ ಹಾಕಿಕೊಂಡು, ಮೊನ್ನೆ ನಾನು ಅವಸರ ಮಾಡಿದೆ, ಹೇಳಿದ್ದನ್ನು ವಾಪಸು ತಗೊಳ್ಳುತ್ತೇನೆ, ಆದರೆ ಬೇರೆ ಏನು ಹೇಳಬೇಕೋ ಅದೂ ಗೊತ್ತಿಲ್ಲ ಎಂದ. ತಪ್ಪಾಯಿತೆಂದು ಒಪ್ಪುವ ಮಾಸ್ತರರು ಕಡಿಮೆ. ಶೈಲಾಳಿಗೆ ಅಂದು ಅವನ ಮೇಲೆ ಗೌರವ ಹೆಚ್ಚಿತು.

ಮೊಬೈಲಿನಲ್ಲಿ ಬೆಳಕು ಹೆಚ್ಚಿಸಿದ ಫೋಟೋ ಕೈಯಿಂದ ಕೈಗೆ ಹೋಗುತ್ತ ಮುತ್ತವ್ವನ ಕೈಗೆ ಬಂತು. ಅಕ್ಕನ ಮೈ ಅವಳಿಗೆ ಮೊದಲ ಸಲ ಪೂರ್ತಿ ಕಂಡಿತು. ಚಷ್ಮಾ ಹಾಕಿಕೊಂಡಳು, ತೆಗೆದು ಒರೆಸಿ ಮತ್ತೆ ಹಾಕಿಕೊಂಡಳು.

“ನಮ್ಮಕ್ಕ ಯಾವಾಗ ಎಡಸೆರಗು ಹಾಕ್ಕೊಂಡ್ಲು?” ಎಂದಳು.

ಯಾರಿಗೂ ಅರ್ಥವಾಗಲಿಲ್ಲ. ಮುತ್ತವ್ವ ತನ್ನ ಸೆರಗನ್ನೇ ಹಿಡಿದು ತೋರಿಸಿದಳು. ಅವಳದು ಬಲ ಹೆಗಲ ಮೇಲಿತ್ತು. ತಮ್ಮ ಮನೆತನದಲ್ಲಿ ಅವ್ವ, ಅಜ್ಜಿ, ಮುತ್ತಜ್ಜಿ ಎಲ್ಲರದೂ ಬಲಸೆರಗು. ಎಡಸೆರಗು ಹಾಕಿಕೊಂಡರೆ ಉಟ್ಟಂತೆಯೇ ಅನಿಸುವುದಿಲ್ಲ. ಈಗಿನ ಹುಡುಗಿಯರೆಲ್ಲ ಎಡಕ್ಕೆ ಹಾಕಿಕೊಳ್ಳುತ್ತಾರೆ, ಶೈಲಾಳೂ ಅಷ್ಟೇ, ಹಾಗಾಗಿ ಯಾರ ಕಣ್ಣಿಗೂ ಅದು ವಿಶೇಷ ಅನಿಸಿರಲಿಲ್ಲ. ಉಚ್ಚಂಗೆವ್ವ ಮಾತ್ರ ತನ್ನ ಮದುವೆಯ ದಿನ ಬೀಗರ ಕಡೆಯವರು ಹಟ ಹಿಡಿದರೂ ಸೆರಗು ಬದಲಿಸಿದವಳಲ್ಲ ಎಂದಳು ಮುತ್ತವ್ವ.

ಶಶಿಕಾಂತ ಮೊಬೈಲನ್ನು ಮೆಲ್ಲಗೆ ಅವಳ ಕೈಯಿಂದ ತೆಗೆದುಕೊಂಡು, ಚಿತ್ರವನ್ನು ಕನ್ನಡಿಯ ಹಾಗೆ ಎಡದಿಂದ ಬಲಕ್ಕೆ ತಿರುಗಿಸಿದ. ಸೆರಗು ಬಲ ಹೆಗಲಿಗೆ ಬಂತು. ಚಂದ್ರ ಎಡಕ್ಕೆ ಬಂದ, ಬೆಳಕು ಬಲಕ್ಕೆ ಬಿತ್ತು. ಬಾಲಚುಕ್ಕಿ ಬಡಗಣದ ಕಡೆಗೆ ಸರಿಯಿತು. ಕೃತ್ತಿಕೆಯ ಗೊಂಚಲು ನಕ್ಷೆಗೆ ಸರಿಯಾಗಿ ಕೂತಿತು. ಪ್ರಿಂಟು ಹಾಕುವಾಗ ನೆಗೆಟಿವ್ ಮಗುಚಿ ಬಿದ್ದಿತ್ತು. ಸಾಮಾನ್ಯವಾಗಿ ಇಂಥ ತಪ್ಪು ಅಂಗಡಿಯ ಬೋರ್ಡಿನ ಅಕ್ಷರದಿಂದಲೋ ಅಂಗಿಯ ಗುಂಡಿಯಿಂದಲೋ ಗೊತ್ತಾಗುತ್ತದೆ. ಆಕಾಶದಲ್ಲಿ ಬೋರ್ಡು ಎಲ್ಲಿ? ಇನ್ನು ಸೆರಗು ನೋಡಿ ಹಿಡಿಯೋಣವೆಂದರೆ ನಮ್ಮ ಕಡೆ ಒಂದೇ ಓಣಿಯಲ್ಲಿ ಎಡಸೆರಗಿನವರೂ ಇದ್ದಾರೆ, ಬಲಸೆರಗಿನವರೂ ಇದ್ದಾರೆ. ಪ್ರಿಂಟು ಹಾಕಿದವನು ಯಾವುದನ್ನು ಸರಿ ಅನ್ನಬೇಕು?

ಶಶಿಕಾಂತ ತನ್ನ ಮೊಬೈಲಿನ ಆಕಾಶದ ನಕ್ಷೆಯನ್ನು ಹಿಂದಕ್ಕೆ ತಿರುಗಿಸಿ, ಒಂದೊಂದೇ ದಿನ ಸರಿಸುತ್ತ ಹೋಗಿ ಒಂದು ಕಡೆ ನಿಲ್ಲಿಸಿದ. ಈ ಸಲ ಅವನು ಅವಸರ ಮಾಡಲಿಲ್ಲ. ಮತ್ತೊಮ್ಮೆ ಹಿಂದೆ ಹೋಗಿ ಮುಂದೆ ಬಂದು ಖಾತ್ರಿ ಮಾಡಿಕೊಂಡು, ಆಮೇಲೆ ಶೈಲಾಳ ಕಡೆ ನೋಡಿದ.

“ಏಪ್ರಿಲ್ ಒಂಬತ್ತು. ಯುಗಾದಿ ಮರುದಿನ, ಬಿದಿಗಿ. ಸಂಜಿ ಕತ್ತಲಾದ ಕೂಡಲೆ,” ಎಂದ. “ನಿಮಗಾಗ ಹದಿನಾರು ದಿನ, ವೈನಿ.”

ಹದಿನಾರು ದಿನದ ಬಾಣಂತಿ ಎದ್ದಿದ್ದಳು. ಎದ್ದು, ನಿಚ್ಚಣಿಕೆ ಹತ್ತಿ, ಯುಗಾದಿಯ ಚಂದ್ರನನ್ನು ನೋಡಲು ಮಾಳಿಗೆಗೆ ಬಂದಿದ್ದಳು. ಶೈಲಾಳಿಗೆ ಮೊದಲು ಬಂದದ್ದು ಅಳುವಲ್ಲ, ಹಸಿವು. ಏನಾದರೂ ತಿನ್ನಲು ಕೊಡು ಚಿಗವ್ವ ಎಂದಳು. ಮುತ್ತವ್ವ ರೊಟ್ಟಿಯ ಮೇಲೆ ಬೆಣ್ಣೆ, ಕೆಂಪಿಂಡಿ ಚಟ್ನಿ ಹಚ್ಚಿ ತಂದುಕೊಟ್ಟಳು. ಅವಳು ತಿನ್ನುವುದನ್ನು ಮೂವರೂ ನೋಡುತ್ತ ಕುಳಿತರು.

ತಿರುಗಿಸಿದ ಫೋಟೋದಲ್ಲಿ ಮುತ್ತವ್ವನಿಗೆ ಇನ್ನೊಂದು ಕಂಡಿತು. ಇಷ್ಟು ವರ್ಷ ಆ ಮಾಳಿಗೆ ಯಾವುದೋ ಊರಿನದು ಅನಿಸುತ್ತಿತ್ತು. ಈಗ ನೋಡಿದರೆ ಬ್ಯಾಡಗಿಯ ತಮ್ಮ ಓಣಿಯೇ. ಆದರೆ ತಮ್ಮ ಮಾಳಿಗೆಯಲ್ಲ, ಪಕ್ಕದ ಜೈತೂನಬಿಯ ಮಾಳಿಗೆ; ನಡುವೆ ಮೊಣಕಾಲೆತ್ತರದ ಗೋಡೆ ಮಾತ್ರ. ಜೈತೂನಬಿಯ ತಮ್ಮ ಅಬ್ದುಲರಜಾಕ ರಾಣೆಬೆನ್ನೂರಿನಲ್ಲಿ ಫೋಟೋ ತೆಗೆಯುತ್ತಿದ್ದ ಎಂಬುದೂ ಅವಳಿಗೆ ನೆನಪಾಯಿತು. ಹೆಸರು ಸಿಕ್ಕ ಮೇಲೆ ಊರು ದೊಡ್ಡದೇ? ಕೊಟ್ರೇಶ ಮಾರನೆಯ ದಿನವೇ ಪತ್ತೆ ಹಚ್ಚಿದ. ಅವನು ಆವತ್ತು ನೋಡಿ ಬಂದಿದ್ದ ಮೊಬೈಲ್ ಅಂಗಡಿಯೇ ಆ ಸ್ಟುಡಿಯೋ. ಅಂಗಡಿ ನಡೆಸುವವನು ಅಬ್ದುಲರಜಾಕನ ಮಗ ಶಾನವಾಜ. ಅಪ್ಪ ತೀರಿಕೊಂಡು ಆರು ವರ್ಷವಾಯಿತು, ನೆಗೆಟಿವ್ ಒಂದೂ ಉಳಿದಿಲ್ಲ, ಆದರೆ ಸೋದರತ್ತೆ ಜೈತೂನಬಿ ತನ್ನ ಮನೆಯಲ್ಲೇ ಇದ್ದಾರೆ ಎಂದ.

ರಂಜಾನ್ ತಿಂಗಳು ನಡೆಯುತ್ತಿತ್ತು. ಶೈಲಾ ಮತ್ತು ಮುತ್ತವ್ವ ರಾಣೆಬೆನ್ನೂರಿಗೆ ಹೋದಾಗ ಜೈತೂನಬಿ ರೋಜಾ ಇದ್ದರು. ಎಪ್ಪತ್ತು ದಾಟಿದ ಹೆಂಗಸು, ಕಣ್ಣು ಚುರುಕು. ತಾವು ಗುಟುಕು ನೀರು ಕುಡಿಯದಿದ್ದರೂ ಬಸುರಿಗೆ ಹಾಲು, ಖರ್ಜೂರ ತರಿಸಿ ಮುಂದಿಟ್ಟು, ತಿಂದ ಹೊರತು ಮಾತಾಡುವುದಿಲ್ಲ ಎಂದು ಕೂತರು. ಮುತ್ತವ್ವನ ಗುರುತು ಹತ್ತಿತು. ಶೈಲಾ ಯಾರೆಂದು ಹೇಳುವ ಮೊದಲೇ ಅವರು ಅವಳ ಮುಖ ನೋಡಿ, ನೀನು ಉಚ್ಚಂಗಿಯ ಕೂಸಲ್ಲವೇ ಎಂದರು.

ಅವರು ಹೇಳಿದ್ದು ಹೀಗೆ. ಆ ವರ್ಷ ಯುಗಾದಿಯ ಚಂದ್ರನೂ ಬಕ್ರೀದಿನ ಚಂದ್ರನೂ ಒಬ್ಬನೇ. ತಮ್ಮ ಅಬ್ದುಲರಜಾಕ ಬಾಲಚುಕ್ಕಿಯ ಫೋಟೋ ತೆಗೆಯುತ್ತೇನೆಂದು ಕ್ಯಾಮೆರಾ, ಮೂರು ಕಾಲಿನ ಸ್ಟ್ಯಾಂಡು ಹೊತ್ತುಕೊಂಡು ಬ್ಯಾಡಗಿಗೆ ಬಂದಿದ್ದ. ಮಾಳಿಗೆಯ ಮೇಲೆ ಆಗ ಮೆಣಸಿನಕಾಯಿ ಹರವಿದ್ದರು, ಕಾಲಿಡಲು ಜಾಗವಿರಲಿಲ್ಲ. ಹಬ್ಬದ ದಿನ ಅಜ್ಜಿಯ ಮನೆ ತುಂಬ ಜನ ಇದ್ದರು, ಬಾಣಂತಿಯನ್ನು ಕೋಣೆಯಿಂದ ಆಚೆ ಬಿಟ್ಟಿರಲಿಲ್ಲ. ಮರುದಿನ ಸಂಜೆ ಅಜ್ಜಿ ಗುಡಿಗೆ ಹೋದದ್ದೇ ತಡ, ಉಚ್ಚಂಗೆವ್ವ ತಲೆಗೆ ಸ್ಕಾರ್ಫು ಕಟ್ಟಿಕೊಂಡು ನಿಚ್ಚಣಿಕೆ ಹತ್ತಿ ಬಂದಳು, ಗೋಡೆ ದಾಟಿದಳು. ಗಾಳಿಗೆ ಯಾಕೆ ಬಂದೆ ಎಂದು ಜೈತೂನಬಿ ಗದರಿಸಿದರೆ ನಕ್ಕುಬಿಟ್ಟಳು. ಬಿದಿಗೆಯ ಚಂದ್ರನನ್ನು ನೋಡದಿದ್ದರೆ ವರ್ಷ ಹೇಗೆ ಶುರುವಾಗುತ್ತದೆ ಎಂದಳು. ಅವ್ವನಿಗೆ ಹೇಳಬೇಡ ಎಂದು ಆಣೆ ಹಾಕಿಸಿಕೊಂಡಳು.

“ಒಬ್ಬಾಕೀನ ಬಂದಿದ್ಲೇನ್ರಿ?” ಎಂದು ಕೇಳಿದಳು ಶೈಲಾ.

ಜೈತೂನಬಿ ಫೋಟೋವನ್ನು ಕೈಗೆ ತೆಗೆದುಕೊಂಡು, ಎದೆಯ ಹತ್ತಿರದ ಆ ಮಸಕು ಕಲೆಯ ಮೇಲೆ ಬೆರಳಿಟ್ಟರು.

“ಇದೇನಂತ ತಿಳಿದೀದಿ ಬೇಟಾ? ಇದು ನೀನ. ನಿನಗ ಚಂದ್ರನ ತೋರಸ್ಬೇಕಂತನ ಆಕಿ ಬಂದಿದ್ದು. ಇಬ್ಬರದೂ ತೆಗಿ ರಜಾಕಣ್ಣಾ, ನನ್ನ ಮಗಳದೂ ಬರಬೇಕು ಅಂದ್ಲು. ಇಪ್ಪತ್ತು ಎಣಸೂಮಟ ಅಲ್ಲಾಡಬಾರದಂತ ನಮ್ಮ ತಮ್ಮ ಹೇಳಿದ. ಆಕಿ ಕಂಬದಂಗ ನಿಂತ್ಲು. ನಿನಗ ಮೆಣಸಿನಕಾಯಿ ಘಾಟು ಹತ್ತಿ, ಸೀನಿದಿ ನೋಡು, ಒಂದರ ಮ್ಯಾಲೊಂದು. ಸೀನಿ ಸೀನಿ ಅಲ್ಲಾಡಿಬಿಟ್ಟಿ. ಅದಕ್ಕಽ ಆಕಿ ನಕ್ಕಿದ್ದು.”

ಮೂವರೂ ಒಂದೇ ಫೋಟೋದ ಮೇಲೆ ಬಗ್ಗಿದರು. ಹೆಬ್ಬೆಟ್ಟಿನ ಕಲೆ ಎಂದುಕೊಂಡದ್ದರ ಸುತ್ತ ಉಚ್ಚಂಗೆವ್ವನ ಕೈ ಇತ್ತು. ಹಿಡಿದುಕೊಂಡ ಕೈ. ಬೆಳಕು ಹೆಚ್ಚಿಸಿದ ಚಿತ್ರದಲ್ಲಿ ಶೈಲಾ ಅದನ್ನು ನೋಡಿದ್ದಳು, ಕಂಬಳಿ ಹೊದ್ದ ಕೈ ಅಂದುಕೊಂಡಿದ್ದಳು. ಇಡೀ ಫೋಟೋದಲ್ಲಿ ಎಲ್ಲವೂ ನಿಚ್ಚಳ, ಅಲ್ಲಾಡಿದ್ದು ಅದೊಂದೇ. ಜೀವ ಇರುವುದು ತಾನೇ ಅಲ್ಲಾಡುವುದು?

ಆಮೇಲೆ ಶೈಲಾ ಕೇಳಬೇಕಾದದ್ದನ್ನು ಕೇಳಿದಳು: ಅವ್ವ ಹೋದದ್ದು ತನ್ನನ್ನು ಹಡೆದದ್ದಕ್ಕೇ ಏನು? ಜೈತೂನಬಿ ಅದಕ್ಕೂ ನೇರವಾಗಿ ಉತ್ತರ ಕೊಟ್ಟರು. “ಹಡದದ್ದಕ್ಕ ಅಲ್ಲ ಬೇಟಾ. ಆ ಬ್ಯಾಸಗಿ ನಮ್ಮ ಓಣಿಗೆ ಕಾಮಾಲಿ ಹೊಕ್ಕಿತ್ತು. ನಮ್ಮ ಅತ್ತಿನೂ ಅದರಾಗ ಹೋದ್ರು, ಉಚ್ಚಂಗಿನೂ ಹೋದ್ಲು. ನಿಮ್ಮಜ್ಜಿಗೆ ದುಃಖದಾಗ ಎಲ್ಲಾ ಕೂಡಿ ಒಂದಽ ಆತು. ಹಡದ ಮ್ಯಾಲೆ ಆಕಿ ಎದ್ದಾಳ, ಓಡ್ಯಾಡ್ಯಾಳ, ದಿನಾ ಗೋಡಿ ದಾಟಿ ಬಂದು ನಿನ್ನ ತೋರಿಸಿ ಹೋಗ್ಯಾಳ.”

ಉಚ್ಚಂಗೆವ್ವ ಹೋದ ಮೇಲೆ ಅವರು ಆ ಪ್ರಿಂಟನ್ನು ತಮ್ಮನಿಂದ ತರಿಸಿ ಅಜ್ಜಿಯ ಕೈಗೆ ಕೊಟ್ಟಿದ್ದರಂತೆ. ಅಜ್ಜಿ ಅದನ್ನು ನೋಡಲಾರೆ ಎಂದು ಸೀರೆಯೊಳಗೆ ಇಟ್ಟಳು. ಮುಂದೆ ಜೈತೂನಬಿಯ ಸಂಸಾರ ರಾಣೆಬೆನ್ನೂರಿಗೆ ಬಂತು. ಯಾರೂ ಯಾರನ್ನೂ ಕೇಳಲಿಲ್ಲ.

ಶೈಲಾಳಿಗೆ ಆಗ ಅಳು ಬಂತು. ತಡೆಯಬೇಕೆನಿಸಲಿಲ್ಲ. ಅವಳು ಬಗ್ಗಿ ಜೈತೂನಬಿಯ ಪಾದ ಮುಟ್ಟಲು ಹೋದಳು. ಏಳು ತಿಂಗಳ ಹೊಟ್ಟೆ ಬಗ್ಗಲು ಬಿಡಲಿಲ್ಲ, ಅವರೂ ಬಿಡಲಿಲ್ಲ. “ನೀವಿದ್ದದ್ದಕ್ಕ ನನಗ ನಮ್ಮವ್ವ ಸಿಕ್ಕಳ್ರಿ ಅಮ್ಮಾರ,” ಎಂದಳು. ಉಪಕಾರ ಹೇಳಬೇಕಾದವರು ಇನ್ನೊಬ್ಬರಿದ್ದರು, ಅವರಿಗೆ ಹೇಳುವಂತಿರಲಿಲ್ಲ. ಸ್ಟುಡಿಯೋ ಇದ್ದ ಅಂಗಡಿಯ ಗೋಡೆಯ ಮೇಲೆ ಅಬ್ದುಲರಜಾಕನ ಒಂದು ಫೋಟೋ ತೂಗುಹಾಕಿದ್ದರು, ಊರೆಲ್ಲರ ಫೋಟೋ ತೆಗೆದವನ ಒಂದೇ ಫೋಟೋ. ಬಸ್ಸಿಗೆ ಹೋಗುವ ಮುನ್ನ ಶೈಲಾ ಅಲ್ಲಿಗೆ ಹೋಗಿ ಅದರ ಮುಂದೆ ಕೈಮುಗಿದು ನಿಂತಳು. ಪ್ರಿಂಟನ್ನು ಉಲ್ಟಾ ಹಾಕಿದ್ದಕ್ಕೆ ಅವನ ಮೇಲೆ ಅವಳಿಗೆ ಎಳ್ಳಷ್ಟೂ ಬೇಸರವಿರಲಿಲ್ಲ. ಸರಿಯಾಗಿ ಹಾಕಿದ್ದರೆ ತಾರೀಖು ಬೇಗ ಸಿಗುತ್ತಿತ್ತು, ಬಹುಶಃ ಈ ಮನೆ ಸಿಗುತ್ತಿರಲಿಲ್ಲ.

ಬಸ್ಸಿನಲ್ಲಿ ಮುತ್ತವ್ವ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು. ಬಸ್ಸು ಮೋಟೆಬೆನ್ನೂರು ದಾಟಿತು. ಶೈಲಾ ಅವಳ ಕೈ ಹಿಡಿದುಕೊಂಡಳು. ಹಡೆದವಳು ಒಂದು ತಿಂಗಳು ಎತ್ತಿಕೊಂಡಿದ್ದಳು, ಈಕೆ ಇಪ್ಪತ್ತೊಂಬತ್ತು ವರ್ಷ. ಅವ್ವ ಸಿಕ್ಕ ದಿನವೇ ಈ ಮಾತು ಹೇಳದಿದ್ದರೆ ತಪ್ಪಾಗುತ್ತದೆ ಅನಿಸಿತು ಅವಳಿಗೆ. ಹೇಳಿದಳು. ಮುತ್ತವ್ವ ಸಾಕು ಸುಮ್ಮನಿರು ಎಂದು ಗದರಿಸಿ, ಸೆರಗಿನಿಂದ ಇಬ್ಬರ ಕಣ್ಣನ್ನೂ ಒರೆಸಿದಳು.

ಕುಬಸ ಚೆನ್ನಾಗಿ ಆಯಿತು. ಹಸಿರು ಸೀರೆ, ಹಸಿರು ಬಳೆ, ಉಡಿ ತುಂಬ ಅಕ್ಕಿ ಕೊಬ್ಬರಿ. ಸೀರೆ ಉಡಿಸುವಾಗ ಶೈಲಾ ಬಲಸೆರಗು ಹಾಕು ಎಂದಳು, ಮುತ್ತವ್ವ ಹಾಕಿದಳು. ಗಲ್ಲ ಹಿಡಿದ ಆ ಹಿರಿಯಳು ಮತ್ತೆ ಬಂದು ಮತ್ತೆ ಅದೇ ಗಾದೆ ಹೇಳಿದಳು. ಈ ಸಲ ಶೈಲಾ, ಆಗಲಿ ಅಜ್ಜಿ, ಹಾಗೇ ಆಗಲಿ ಎಂದಳು.

ಯುಗಾದಿ ಬಂತು. ಈ ವರ್ಷ ಬಿದಿಗೆಯ ಸಂಜೆಯೇ ರಂಜಾನ್ ಹಬ್ಬದ ಚಂದ್ರನೂ ಕಾಣಬೇಕಾಗಿತ್ತು. ಹಾವೇರಿಯ ಮನೆಯ ಮೇಲೆ ಕೊಟ್ರೇಶ, ಶಶಿಕಾಂತ, ಮುತ್ತವ್ವ ಎಲ್ಲರೂ ಪಡುವಣಕ್ಕೆ ಮುಖ ಮಾಡಿ ನಿಂತಿದ್ದರು. ಶೈಲಾ ಒಂದೊಂದೇ ಮೆಟ್ಟಿಲು ಹತ್ತಿ ಬಂದಳು, ಯಾರೂ ತಡೆಯಲಿಲ್ಲ. ಕೆಂಪು ಆರುತ್ತಿದ್ದಂತೆ ಚಂದ್ರ ಕಂಡ, ಪಕ್ಕದಲ್ಲೇ ಶುಕ್ರ. ಅಷ್ಟರಲ್ಲಿ ರಾಣೆಬೆನ್ನೂರಿನಿಂದ ಫೋನ್ ಬಂತು. ಶಾನವಾಜನ ಮೊಬೈಲಿನಿಂದ ಜೈತೂನಬಿ, ನಮಗೆ ಕಂಡಿತು, ನಿಮಗೆ ಕಂಡಿತೇ ಎಂದು ಕೇಳಿದರು. ಕಂಡಿತು ಎಂದಳು ಶೈಲಾ, ಹಬ್ಬದ ಶುಭಾಶಯ ಹೇಳಿದಳು, ಅವರೂ ಹೇಳಿದರು.

ಕೊಟ್ರೇಶ ಸೆಲ್ಫಿ ತೆಗೆಯೋಣ ಎಂದು ಮೊಬೈಲು ಎತ್ತಿದ. ಶೈಲಾ ಬೇಡ ಎಂದಳು. ಸೆಲ್ಫಿಯಲ್ಲಿ ಕೆಲವೊಮ್ಮೆ ಎಡ ಬಲ ಆಗುತ್ತದೆ, ಮುಂದೆ ನಮ್ಮ ಕೂಸು ಮೂರು ಊರು ಸುತ್ತಬೇಕಾದೀತು ಎಂದಳು. ಅವನು ನಗುತ್ತ ಎದುರಿಗೆ ಹೋಗಿ ನಿಂತ. ಅವಳು ಬಲ ಹೆಗಲ ಸೆರಗು ಸರಿಮಾಡಿಕೊಂಡು, ಎರಡೂ ಕೈಯನ್ನು ಹೊಟ್ಟೆಯ ಮೇಲಿಟ್ಟುಕೊಂಡಳು.

“ಇಬ್ಬರದೂ ಬರಬೇಕು ನೋಡ್ರಿ,” ಎಂದಳು.

ಕತ್ತಲಾಗಿದೆ, ಸ್ವಲ್ಪ ಹೊತ್ತು ಹಿಡಿಯುತ್ತದೆ, ಅಲ್ಲಾಡಬೇಡ ಎಂದ ಕೊಟ್ರೇಶ.

“ನಾ ಅಲ್ಲಾಡೂದಿಲ್ಲ,” ಎಂದಳು ಶೈಲಾ. “ಒಳಗಿಂದು ಅಲ್ಲಾಡಾಕತ್ತೈತಿ. ಅಲ್ಲಾಡಲಿ ಬಿಡ್ರಿ.”